ಅವಳನ್ನು ನಮ್ಮವಳನ್ನಾಗಿ ಮಾಡಿಕೊಂಡ ಬಗೆ

ಸ್ವೆಟರಿನ ತೋಳು ಗಿಡ್ಡ ಮಾಡುವುದು ಪ್ಯಾಂಟಿನ ಕಾಲು ಮಡಚಿದಷ್ಟು ಸುಲಭದ ಕೆಲಸವಲ್ಲ. ಕತ್ತರಿ ತಪ್ಪಿ ತಾಗಿತೋ, ಎಳೆ ಬಿಚ್ಚುತ್ತ ಬಿಚ್ಚುತ್ತ ಮೊಣಕೈತನಕ ಬಂದುಬಿಡುತ್ತದೆ. ಅದಕ್ಕೇ, ಬೀದರದ ನೌಬಾದದಲ್ಲಿರುವ ನನ್ನ ಹೊಲಿಗೆ ಅಂಗಡಿಗೆ ಅವಳು ಮೊದಲ ಸಲ ಒಂದು ಹೊರೆ ಸ್ವೆಟರು ಹೊತ್ತು ತಂದಾಗ ನಾನು ಯಂತ್ರದಿಂದ ತಲೆಯೆತ್ತದೆ, "ಆಗಂಗಿಲ್ಲ" ಎಂದಿದ್ದೆ.

"ಮೊದ್ಲ ನೋಡ್ರಿ ಅಕ್ಕಾರ. ಆಮ್ಯಾಲ ಆಗೂದಿಲ್ಲ ಅನ್ರಿ."

ತಲೆಯೆತ್ತಿ ನೋಡಿದರೆ ಟಿಬೆಟಿನ ಮುಖ, ಹುಬ್ಬಳ್ಳಿ ಕಡೆಯ ಕನ್ನಡ. ನಾನು ಪೆಚ್ಚಾಗಿ ನಕ್ಕುಬಿಟ್ಟೆ. ಅವಳಿಗೆ ಅದು ಹೊಸದೇನಲ್ಲ, ಅವಳೂ ನಕ್ಕಳು. ಹುಟ್ಟಿದ್ದು ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿನಲ್ಲಿ. ಚೀನಾದವರ ಕಾಟ ತಾಳಲಾರದೆ ಬೆಟ್ಟ ದಾಟಿ ಓಡಿ ಬಂದವರು ಅವಳ ಅಜ್ಜ ಅಜ್ಜಿ. ಆ ಬೆಟ್ಟಗಳನ್ನು ಅವಳು ಕ್ಯಾಲೆಂಡರಿನಲ್ಲಿ ನೋಡಿದ್ದಳು, ಅಷ್ಟೆ. ದೀಪಾವಳಿ ಮುಗಿದ ಕೂಡಲೇ ಗಂಡ ಹೆಂಡತಿ ಇಬ್ಬರೂ ಬೀದರಿಗೆ ಬರುತ್ತಿದ್ದರು. ಒಂದು ಕೋಣೆ ಬಾಡಿಗೆ ಹಿಡಿದು, ಚಳಿ ಇರುವತನಕ ಬೀದರ, ಭಾಲ್ಕಿ, ಕಮಲನಗರದ ಸಂತೆಗಳಲ್ಲಿ ಸ್ವೆಟರು ಮಾರಿ, ಬಿಸಿಲು ಏರುವ ಹೊತ್ತಿಗೆ ಊರು ಸೇರುತ್ತಿದ್ದರು. ಗಂಡನದು ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು.

ತೋಳು ಗಿಡ್ಡ ಮಾಡುವುದನ್ನು ನಾನು ಕಲಿತೆ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಾಯಿಗೆ ಬಂದದ್ದು ಆಡುವುದನ್ನು ಅವಳು ಕಲಿತಳು. ನಾನು ‘ಅದ’ ಅಂದರೆ ಅವಳು ‘ಐತಿ’ ಅನ್ನುವಳು. ನಿನ್ನ ಕನ್ನಡ ತಪ್ಪು ಅಂದರೆ ನಿಮ್ಮದು ಕನ್ನಡವೇ ಅಲ್ಲ, ಅರ್ಧ ಉರ್ದು, ಕಾಲು ಮರಾಠಿ ಅನ್ನುವಳು. ನನ್ನ ಗಂಡ ಸತ್ತ ಮೇಲೆ ನನಗೆ ಜೊತೆಗೆ ಕೂತು ನಗುವವರು ಯಾರೂ ಇರಲಿಲ್ಲ. ವರ್ಷಕ್ಕೆ ಒಂದು ಚಳಿಗಾಲವಾದರೂ ಇವಳು ಇದ್ದಳು.

ಸಂತೆಯಲ್ಲಿ ಅವಳ ಪಕ್ಕದ ಜಾಗ ನನ್ನ ಅಣ್ಣನದು. ನಾವು ಕುರಿ ಕಾಯುವ ಮಂದಿ. ನಮ್ಮ ತವರು ಔರಾದಿನಿಂದ ಕಮಲನಗರಕ್ಕೆ ಹೋಗುವ ದಾರಿಯ ಒಂದು ಹಳ್ಳಿ. ಅಣ್ಣ ಈಗಲೂ ಕುರಿ ಸಾಕುತ್ತಾನೆ, ಚಳಿಗಾಲದಲ್ಲಿ ಕಂಬಳಿ ಮಾರುತ್ತಾನೆ. ನಾನೇ ಅವರಿಬ್ಬರ ಪರಿಚಯ ಮಾಡಿಸಿದ್ದು. ಸ್ವೆಟರು ಮತ್ತು ಕಂಬಳಿ ಒಂದೇ ಸಾಲಿನಲ್ಲಿ ಕೂತರೆ ಜಗಳ ಖಂಡಿತ ಎಂದು ನಾನು ಅಂದುಕೊಂಡಿದ್ದರೆ, ಅವರು ಒಂದೇ ಟೆಂಪೋದಲ್ಲಿ ಸಂತೆಗೆ ಹೋಗತೊಡಗಿದರು.

"ನಿನ್ನ ಸ್ವೆಟರ್ ಎರಡ ಸಲ ಒಗೆದ್ರ ಹೋಯ್ತು. ನನ್ನ ಕಂಬಳಿ ನಿನ್ನ ಮೊಮ್ಮಕ್ಕಳೂ ಹೊದೀತಾರ" ಎಂದು ಅಣ್ಣ ಕೆಣಕುವನು.

"ಚುಚ್ಚತೈತ್ರಿ ಅಣ್ಣಾರ. ಮೊಮ್ಮಕ್ಕಳು ನಿಮ್ಮನ್ನ ಬೈತಾವು" ಎಂದು ಅವಳು ತಿರುಗೇಟು ಕೊಡುವಳು.

ಕೊರೋನಾ ಬಂತು. ಅದೇ ವರ್ಷ ಗಡಿಯಲ್ಲಿ ಚೀನಾದವರ ಕೂಡ ಹೊಡೆದಾಟವಾಗಿ ನಮ್ಮ ಸೈನಿಕರು ಸತ್ತರು. ಊರಿನವರ ಮೊಬೈಲಿನಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ಆ ಚಳಿಗಾಲ ಅವಳು ಬರಲಾರಳು ಅಂದುಕೊಂಡಿದ್ದೆ. ಬಂದಳು. ಬಾರದೆ ಏನು ಮಾಡಬೇಕು, ಹಿಂದಿನ ವರ್ಷದ ಮಾಲು ಹಾಗೇ ಉಳಿದಿತ್ತು. ಎಲ್ಲರೂ ಮಾಸ್ಕ್ ಹಾಕಿಕೊಂಡು ತಿರುಗುವ ದಿನಗಳವು. ಮಾಸ್ಕ್ ಹಾಕಿದ ಮೇಲೆ ಮನುಷ್ಯನದು ಕಾಣುವುದು ಕಣ್ಣಷ್ಟೇ. ಅವರಿಬ್ಬರನ್ನು ಗುರುತು ಹಿಡಿಯಲು ಜನಕ್ಕೆ ಅಷ್ಟು ಸಾಕಿತ್ತು. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಕೋಣೆ ಕೊಟ್ಟಿದ್ದ ಮಾಲೀಕ, "ಜಾಗಾ ಇಲ್ಲ" ಎಂದ. ನಾನು ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿಕೊಟ್ಟೆ.

ಅವಳು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ‘ನಾವು ಚೀನಾದವರಲ್ಲ. ಮುಂಡಗೋಡದವರು.’ ಅದನ್ನು ಸ್ವೆಟರುಗಳ ನಡುವೆ ತೂಗುಹಾಕುವುದಾಗಿ ಹೇಳಿದಳು. ನಾನು ಕುಬುಸ ಹೊಲಿಯಲು ಕೂತಾಗ ಬೀದರದವಳು ಎಂದು ಬೋರ್ಡು ಹಾಕಿಕೊಳ್ಳುತ್ತೇನೆಯೇ?

"ಬ್ಯಾಡ ಬಿಡು, ಯಾರಿಗೇನು ಉತ್ತರಾ ಕೊಡೂದದ?" ಎಂದೆ.

"ನಿಮಗ ಕೊಡೂದು ಇರೂದಿಲ್ರಿ ಅಕ್ಕಾರ. ನಮಗೈತಿ" ಎಂದಳು.

ಭಾಲ್ಕಿಯ ಸಂತೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ನೋಡಿದವನು ಅಣ್ಣ. ಅವನು ಆ ಸಂಜೆ ಬೀದರದ ಆಸ್ಪತ್ರೆಯ ಅಂಗಳದಲ್ಲಿ ನಿಂತು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಮೂವರು ಗಂಡಸರು ಬಂದರು. ಒಬ್ಬನೂ ಸ್ವೆಟರು ಮುಟ್ಟಲಿಲ್ಲ, ರೇಟು ಕೇಳಲಿಲ್ಲ. ರಟ್ಟಿನ ಬೋರ್ಡು ಓದಿ ಒಬ್ಬ ನಕ್ಕ. "ಕನ್ನಡದಾಗ ಬರದ್ರ ಮಾರಿ ಬದಲಾಗ್ತದೇನಲೇ ಚೀನಾ? ರೋಗಾ ತಂದ್ರಿ, ನಮ್ಮ ಜವಾನರನ್ನ ಕೊಂದ್ರಿ, ಈಗ ವ್ಯಾಪಾರಕ್ಕ ಬಂದೀರೇನು?" ಎಂದ. ಅವಳ ಗಂಡ ಎದ್ದು ನಿಂತು ಕೈಮುಗಿದ. ಡೇರೆಗೆ ಹುಗಿದಿದ್ದ ಕಬ್ಬಿಣದ ಪೈಪು ಕಿತ್ತು ಅವನ ಮುಖಕ್ಕೆ ಹೊಡೆದರು. ಅಣ್ಣ ಅಡ್ಡ ಬಿದ್ದ. ಅವನ ಹೆಗಲಿಗೂ ಒಂದೇಟು ಬಿತ್ತು. ಸಂತೆಗೆ ಸಂತೆಯೇ ಸುತ್ತ ನಿಂತು ನೋಡಿತು. ಗಾಯಗೊಂಡವನನ್ನು ಕಂಬಳಿಯಲ್ಲಿ ಸುತ್ತಿ, ಅದೇ ಟೆಂಪೋದಲ್ಲಿ ಹಾಕಿಕೊಂಡು ಹಲಬರ್ಗಾ ದಾಟಿ ಬೀದರಕ್ಕೆ ತಂದವನು ಅಣ್ಣನೇ. ಅವನ ಧೋತರದ ತುಂಬ ರಕ್ತ. ಆ ಹೊತ್ತಿನಲ್ಲಿ ನನಗೆ ಅಣ್ಣನ ಬಗ್ಗೆ ಇದ್ದ ಹೆಮ್ಮೆ ಎಷ್ಟೆಂದು ಹೇಳಲಾರೆ.

ಎಡಗಣ್ಣು ಉಳಿಯುವುದಿಲ್ಲ ಎಂದರು ಡಾಕ್ಟರು.

ಪೊಲೀಸರು ಬಂದು ಬರೆದುಕೊಂಡರು. ಸ್ವೆಟರಿನ ರೇಟಿನ ಮೇಲೆ ಚೌಕಾಸಿಯಾಗಿ, ಮಾತಿಗೆ ಮಾತು ಬೆಳೆದು ಹೊಡೆದಾಟವಾಯಿತು ಎಂದು ಅವರ ಲೆಕ್ಕ. ಅವಳು ಒಪ್ಪಲಿಲ್ಲ. ನನಗೆ ಆ ದಿನ ತಿಳಿದದ್ದು, ಅವಳಿಗೆ ಪರಿಹಾರ ಬೇಕಾಗಿರಲಿಲ್ಲ, ಆ ಮೂವರು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯಬೇಕೆಂಬ ಹಟವೂ ಇರಲಿಲ್ಲ. ಅವಳಿಗೆ ಬೇಕಾಗಿದ್ದು ಒಂದೇ. ಮುಖ ನೋಡಿ ಹೊಡೆದರು ಎಂಬ ಮಾತನ್ನು ಈ ಊರಿನವರೊಬ್ಬರು ಠಾಣೆಯಲ್ಲಿ ನಿಂತು ಹೇಳಬೇಕು.

"ನಾ ಹೇಳಿದ್ರ ನಂಬೂದಿಲ್ರಿ ಅವರು. ಗಿರಾಕಿ ಕೂಡ ಜಗಳಾ ಮಾಡ್ಯಾರ ಅಂತಾರ. ನಾಳೆ ನಮ್ಮ ಮಂದಿ ಬ್ಯಾರೆ ಯಾರರ ಬಂದ್ರ, ಅವರಿಗೂ ಹಿಂಗ ಅಂತಾರ. ಖರೇ ಏನಾತು ಅದನ್ನ ಬರೀಲಿ, ಸಾಕು."

ಪೊಲೀಸರು ಸಾಕ್ಷಿ ತನ್ನಿರಿ ಎಂದರು. ಎದುರಿಗೆ ಹಣ್ಣಿನ ಗಾಡಿ ಹಚ್ಚುವ ಮುಸಲ್ಮಾನ ಮುದುಕನೊಬ್ಬ ಎಲ್ಲವನ್ನೂ ನೋಡಿದ್ದ. ನಾನೇ ಭಾಲ್ಕಿಗೆ ಹೋಗಿ ಅವನನ್ನು ಕೇಳಿದೆ. ಅವನು ಒಂದು ಸ್ಟೂಲು ಒರೆಸಿಕೊಟ್ಟು ನನ್ನನ್ನು ಕೂರಿಸಿ, ಮೋಸಂಬಿ ಹೆಚ್ಚಿಕೊಟ್ಟ.

"ಆಪಾ, ನಾ ಬರ್ತೇನಿ ಅಂದ್ರೂ ನಿಮಗ ಫಾಯದಾ ಇಲ್ಲ. ನನ್ನಂಥವ ಗವಾಹಿ ಹೇಳಿದ್ರ ಕೇಸೇ ಬ್ಯಾರೆ ಆಗಿ ಕುಂದರ್ತದ. ಅಕಿ ಮಾತು ಬಿಟ್ಟು ನನ್ನ ಮಾತು ಸುರು ಆಗ್ತದ. ಮಾಫ್ ಮಾಡ್ರಿ."

ಎದ್ದು ಬಂದೆ. ಉಳಿದವನು ಅಣ್ಣನೊಬ್ಬನೇ. ಅವನೇನೂ ಹಿಂದೆ ಮುಂದೆ ನೋಡಲಿಲ್ಲ. "ನಾ ಹೇಳ್ತೇನಿ. ನೋಡಿದ್ದನ್ನ ಹೇಳಾಕ ಯಾರಪ್ಪನ ಅಂಜಿಕಿ?" ಎಂದ. ಸೋಮವಾರ ಠಾಣೆಗೆ ಬರಬೇಕೆಂದು ನಿಗದಿಯಾಯಿತು. ಅವಳು ಆ ರಾತ್ರಿ ಮೊದಲ ಸಲ ಹೊಟ್ಟೆತುಂಬ ಉಂಡಳು.

ನಡುವೆ ಭಾನುವಾರ ಒಂದಿತ್ತು. ಆ ಮೂವರಲ್ಲಿ ಒಬ್ಬ ಭಾಲ್ಕಿಯ ನಮ್ಮ ಮಂದಿಯ ಹಿರಿಯರೊಬ್ಬರ ಮಗನೆಂದು ನಮಗೆ ಗೊತ್ತಿತ್ತು. ಆ ಹಿರಿಯರು ಕೆಟ್ಟವರಲ್ಲ. ಇದನ್ನು ಹೇಳಲು ನನಗೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ, ಆದರೆ ಹೇಳಲೇಬೇಕು. ಎರಡು ಮನೆ ಒಡೆಯುವಂತಿದ್ದರೆ ಕೂಡಿಸುವವರು ಅವರೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. ಆ ಭಾನುವಾರ ನಾನು ಆಸ್ಪತ್ರೆಯಲ್ಲಿ ಅವಳ ಗಂಡನ ಪಕ್ಕ ಕೂತಿದ್ದೆ. ಅಣ್ಣ ಬಂದು, "ಮನಿಗಿ ಊಟಕ್ಕ ಕರದಾರ, ಬಾ ಅವ್ವ. ಎಷ್ಟ ದಿನಾ ಆಸ್ಪತ್ರಿ ಗಾಳಿ ಕುಡೀತಿ" ಎಂದು ಅವಳನ್ನು ನಮ್ಮ ತವರಿಗೆ ಕರೆದುಕೊಂಡು ಹೋದ. ಅತ್ತಿಗೆಯ ಕೈಯ ಜೋಳದ ರೊಟ್ಟಿ ತಿಂದು ಬರಲಿ, ಒಳ್ಳೆಯದೇ ಆಯಿತು ಅಂದುಕೊಂಡೆ.

ಸಂಜೆ ಅವಳು ವಾರ್ಡಿನ ಬಾಗಿಲಲ್ಲಿ ನಿಂತಾಗ ಹಣೆಯ ತುಂಬ ಹಳದಿ. ಕೂದಲಿನಲ್ಲೂ, ಕೊರಳಲ್ಲೂ ಅದೇ ಪುಡಿ. ಕೈಯಲ್ಲಿ ಹೊಸ ಸೀರೆ, ತೆಂಗಿನಕಾಯಿ. ಎಷ್ಟೋ ದಿನದ ಮೇಲೆ ಅವಳು ನಗುತ್ತಿದ್ದಳು. ಆ ಪುಡಿ ಏನೆಂದು ನನಗೆ ನೋಡಿದ ಕೂಡಲೇ ತಿಳಿಯಿತು.

"ನಿಮ್ಮ ಮಂದಿ ಭಾಳ ದೊಡ್ಡವರ್ರಿ ಅಕ್ಕಾರ" ಎಂದಳು. ಮಾತು ಹೊಳೆಯಂತೆ ಬಂತು. ಕಂಬಳಿ ಹಾಸಿ ಅದರ ಮೇಲೆ ಅವಳನ್ನು ಕೂರಿಸಿದರಂತೆ. ಹೊಡೆದವನು ಬಂದು ಅವಳ ಕಾಲು ಮುಟ್ಟಿದನಂತೆ. ಅಲ್ಲಿಗೆ ಬಂದಿದ್ದ ಭಾಲ್ಕಿಯ ಹಿರಿಯರು ತಾವೇ ಅವಳ ಹಣೆಗೆ ಆ ಪುಡಿ ಹಚ್ಚಿ, "ಇವತ್ತಿನಿಂದ ನೀ ಈ ಮನಿ ಮಗಳು. ಹೊರಗಿನಾಕಿ ಅಂತ ಯಾರರ ಅಂದ್ರ ನಮ್ಮನ್ನ ಕೇಳಬೇಕು" ಎಂದರಂತೆ. ಅತ್ತಿಗೆ ಉಡಿ ತುಂಬಿದಳಂತೆ. ಅಣ್ಣ ಕಣ್ಣೀರು ಹಾಕಿದನಂತೆ.

"ನಾನೂ ಅತ್ತೆ. ನಮ್ಮಜ್ಜಿ ಸಾಯೂತನಕ ನಮಗ ಊರಿಲ್ಲ ಅಂತಿದ್ಲು. ಈಗ ಇದ್ದಿದ್ರ ತೋರಸತಿದ್ದೆ."

"ನಿನ್ನ ಅಂಗೈಯೊಳಗೂ ಹಾಕಿದ್ರೇನು?" ಎಂದು ಕೇಳಿದೆ.

"ಹೌದ್ರಿ. ಅಣ್ಣಾರಿಗೂ ಹಾಕಿದ್ರು. ಮುಠ್ಠಿ ಹಿಡೀರಿ ಅಂದ್ರು, ಹಿಡದೆ."

ಅವಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಿತ್ತು. ಅದಕ್ಕಿಂತ ಕೆಟ್ಟ ಕೆಲಸ ನಾನು ಈ ಜನ್ಮದಲ್ಲಿ ಮಾಡಿಲ್ಲ. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಹೇಳಿದೆ. ಭಂಡಾರವೆಂದರೆ ನೋಡಲು ಅರಿಸಿನದ ಪುಡಿ, ಆದರೆ ನಮ್ಮವರಿಗೆ ಅದು ಸಾಕ್ಷಾತ್ ಮೈಲಾರಲಿಂಗ. ನಮ್ಮಲ್ಲಿ ಜಗಳವಾದರೆ ಕಂಬಳಿಯ ಮೇಲೆ ಕೂರಿಸಿ ಅದನ್ನು ಕೈಗೆ ಹಾಕುತ್ತಾರೆ. ಮುಷ್ಟಿ ಹಿಡಿದೆಯೋ, ಜಗಳ ಮುಗಿಯಿತು. ಹಿಡಿದವರು ಆ ಮಾತನ್ನು ಆಮೇಲೆ ಯಾರ ಎದುರಿಗೂ ಎತ್ತುವಂತಿಲ್ಲ. ಕೋರ್ಟಿನಲ್ಲೂ ಇಲ್ಲ, ಹಾಸಿಗೆಯಲ್ಲಿ ಹೆಂಡತಿಯ ಎದುರಿಗೂ ಇಲ್ಲ. ನಮ್ಮ ದೊಡ್ಡಪ್ಪನ ಕೈಯನ್ನು ಅವನ ದಾಯಾದಿಯೇ ಮುರಿದಿದ್ದ. ಭಂಡಾರ ಹಿಡಿದ ಮೇಲೆ, ಕೈ ಹೇಗೆ ಮುರಿಯಿತು ಎಂದು ನಾವು ಮಕ್ಕಳು ಕೇಳಿದರೆ ದೊಡ್ಡಪ್ಪ, "ಮುರೀತು" ಎಂದಷ್ಟೇ ಹೇಳುತ್ತಿದ್ದ. ಸಾಯುವತನಕ ಅಷ್ಟೇ ಹೇಳಿದ.

ಅವಳು ಅರ್ಥವಾಗದವಳಂತೆ ನನ್ನ ಮುಖ ನೋಡಿದಳು. "ಆದ್ರ ನನಗ ಯಾರೂ ಹೇಳ್ಲಿಲ್ಲಲ್ರಿ."

ಹೇಳಲಿಲ್ಲ. ಮೋಸ ಮಾಡಬೇಕೆಂದು ಮುಚ್ಚಿಟ್ಟರೆಂದು ನಾನು ಇಂದಿಗೂ ನಂಬುವುದಿಲ್ಲ. ನಮ್ಮ ಮನೆಯ ಮಗುವಿಗೂ ಗೊತ್ತಿರುವ ಮಾತನ್ನು ಬಿಡಿಸಿ ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ನಮ್ಮವಳು ಎಂದ ಮೇಲೆ ನಮ್ಮ ಕಟ್ಟಳೆ ಗೊತ್ತಿರಲೇಬೇಕಲ್ಲ! ಮೂಗಿಗೆ ತುಪ್ಪ ಸವರುವವರ ಮೇಲೆ ಸಿಟ್ಟು ಮಾಡಬಹುದು. ಇವರು ಮನಸಾರೆ ತುಪ್ಪ ಬಡಿಸಿದ್ದರು.

"ಒರಸಿದ್ರ ಹೋಗೂದಿಲ್ಲೇನ್ರಿ?" ಎಂದು ಅವಳು ಬಹಳ ಮೆಲ್ಲಗೆ ಕೇಳಿದಳು.

"ನಿನ್ನದು ಹೋಗ್ತದವ್ವ. ನೀ ಹಿಡದ ಮಾತು ನಿನಗ ಕಟ್ಟಂಗಿಲ್ಲ, ತಿಳೀದ ಹಿಡದಿ. ಅಣ್ಣಂದು ಹೋಗಂಗಿಲ್ಲ" ಎಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಔರಾದಿಗೆ ಹೋಗಿ, ಅಲ್ಲಿಂದ ಜೀಪು ಹಿಡಿದು ತವರಿಗೆ ನುಗ್ಗಿದೆ. ಅಣ್ಣ ಕುರಿಮರಿಗೆ ಹಾಲು ಕುಡಿಸುತ್ತಿದ್ದ. ಓಣಿಯವರೆಲ್ಲ ಕೇಳುವಂತೆ ಬೈದೆ. ನನ್ನ ಬಾಯಿ ದೊಡ್ಡದು, ನಮ್ಮೂರಿಗೆ ಗೊತ್ತಿದ್ದದ್ದೇ. ನಾನು ದಣಿದು ಕಟ್ಟೆಯ ಮೇಲೆ ಕೂತ ಮೇಲೆ ನೀರು ತಂದುಕೊಟ್ಟ.

"ಏನ್ ತಪ್ಪ ಮಾಡೀನಿ ಹೇಳು. ಅಕಿ ತಿರುಗಿ ಈ ಸೀಮಿಗಿ ವ್ಯಾಪಾರಕ್ಕ ಬರಬೇಕಲ್ಲ? ಕೇಸ್ ಹಾಕಿದ್ರ ಊರೆಲ್ಲ ವೈರಿ ಆಗ್ತದ. ಈಗ ನೋಡು, ಆ ಸಂತ್ಯಾಗ ಅಕಿ ಮೈ ಮುಟ್ಟೋ ಗಂಡಸು ಹುಟ್ಟಿಲ್ಲ. ನನಗ ಒಬ್ಬಾಕಿ ತಂಗಿ ಇದ್ದಿ, ಈಗ ಇಬ್ಬರು."

"ಅಕಿ ತಂಗಿ ಆಗ್ತೇನಿ ಅಂದಿದ್ಲೇನು? ಅಕಿ ಕೇಳಿದ್ದು ಒಂದ ಮಾತು. ಆ ಒಂದ ಮಾತು!"

"ಭಂಡಾರ ಹಿಡದೀನಿ" ಎಂದ. "ಸುಳ್ಳ ಹೇಳಂಗಿಲ್ಲ ನಾ. ಖರೇನೂ ಹೇಳಂಗಿಲ್ಲ."

ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನನ್ನ ದವಡೆ ನೋಯುತ್ತಿತ್ತು, ಅಷ್ಟೇ ಫಲ. ಆದರೂ ಅವನು ಠಾಣೆಗೆ ಬಂದ. ಬರುತ್ತೇನೆಂದು ಮಾತು ಕೊಟ್ಟಿದ್ದ, ಕೊಟ್ಟ ಮಾತಿಗೆ ತಪ್ಪುವವನಲ್ಲ. ಅಲ್ಲಿನ ಸಾಹೇಬರು ಕುರ್ಚಿ ಹಾಕಿಸಿ ಸಮಾಧಾನದಿಂದಲೇ ಕೇಳಿದರು. ಹೊಡೆದವರು ಏನಂದರು? ಯಾಕೆ ಹೊಡೆದರು? ಅಣ್ಣ ನೆಲ ನೋಡಿದ. ಮತ್ತೆ ಕೇಳಿದರು. "ಹೊಡದ್ರು ಅಷ್ಟೇರಿ" ಎಂದ. ನಾನು ಪಕ್ಕದಿಂದ, "ನನ್ನ ಮುಂದ ಹೇಳ್ಯಾನ್ರಿ ಸಾಹೇಬ್ರ, ಚೀನಾ ಅಂತ ಬೈದು ಹೊಡದಾರಂತ" ಎಂದು ಕೂಗಿದೆ. ನೀವು ನೋಡಿದಿರೇನು ಎಂದರು. ನೋಡಿರಲಿಲ್ಲ. ಹಾಗಿದ್ದರೆ ಸುಮ್ಮನಿರಿ ಎಂದರು. ಅವಳು ಹೇಳಿದ್ದನ್ನೂ ಬರೆದುಕೊಂಡರು. ಆದರೆ ಅವರ ಪೆನ್ನು ಓಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು, ಕೊನೆಗೆ ನಿಲ್ಲುವುದು ಚೌಕಾಸಿಯ ಮಾತೇ.

ಹೊರಗೆ ಬಂದ ಮೇಲೆ ಬೇವಿನ ಗಿಡದ ಕೆಳಗೆ ಅವಳು ಅಣ್ಣನ ಎದುರು ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

"ನಾ ಚೀನಾದಾಕೀನ ಆಗಿದ್ರ ಛಲೋ ಇತ್ರಿ ಅಣ್ಣಾರ" ಎಂದಳು. "ನೀವು ಖರೇ ಹೇಳತಿದ್ರಿ."

ಅಣ್ಣನ ಹೆಗಲಿನ ಏಟು ಇನ್ನೂ ಮಾಗಿರಲಿಲ್ಲ, ಕೈ ಎತ್ತಿ ಕಣ್ಣು ಒರೆಸಿಕೊಳ್ಳುವುದೂ ಅವನಿಗೆ ಕಷ್ಟವಾಯಿತು.

ಆ ವಾರವೇ ಅವರು ಮುಂಡಗೋಡಿಗೆ ಹೋದರು. ಉಳಿದ ಸ್ವೆಟರುಗಳನ್ನು ಒಯ್ಯಲಿಲ್ಲ. ಒಂದು ವರ್ಷ ಅವಳು ಫೋನಿನಲ್ಲಿ ಮಾತಾಡಿದಳು. ಗಂಡ ಮನೆಯಿಂದ ಹೊರಗೆ ಹೋಗುವುದಿಲ್ಲ, ಬಲಗಣ್ಣೂ ಮಂಜಾಗುತ್ತಿದೆ ಎಂದಳು. ಆಮೇಲೆ ನಂಬರು ಬದಲಾಯಿತು. ಹೊಸ ನಂಬರು ನನಗೆ ಬರಲಿಲ್ಲ. ಕೇಸು ಏನಾಯಿತೆಂದು ನಾನು ಠಾಣೆಗೆ ಕೇಳಲು ಹೋದಾಗ ಎರಡೂ ಕಡೆಯವರು ರಾಜಿಯಾಗಿದ್ದಾರಲ್ಲ ಎಂದರು. ಇಂಥದ್ದಕ್ಕೆ ಜನ ಕೂಡಬೇಕು, ಬೀದಿಗೆ ಇಳಿಯಬೇಕು ಎಂದು ಒಂದಿಷ್ಟು ಹೆಂಗಸರನ್ನು ಕೂಡಿಸಲು ನೋಡಿದೆ. ಎಲ್ಲರೂ ಅವಳ ಬಗ್ಗೆ ಅಯ್ಯೋ ಪಾಪ ಎಂದರು. ಆದರೆ ಮುಗಿದದ್ದನ್ನು ಯಾಕೆ ಕೆದಕುತ್ತೀ ಎಂದು ಕೇಳಿದರು.

ಹೋದ ವರ್ಷ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಯೂನಿಫಾರ್ಮು ಬಿಗಿ ಮಾಡಿಸಲು ಬಂದಿದ್ದಳು. ಮಣಿಪುರದವಳು. ನನ್ನ ಪಕ್ಕದ ಅಂಗಡಿಯ ಗಂಡಸರು ಅವಳು ಹೋಗುವಾಗ ಬರುವಾಗ ಕಣ್ಣು ಕಿರಿದು ಮಾಡಿ ತೋರಿಸುವುದನ್ನು ನೋಡಿದೆ. ಕತ್ತರಿ ಕೈಯಲ್ಲಿ ಹಿಡಿದೇ ಹೊರಗೆ ಹೋಗಿ ಅವರ ನೀರಿಳಿಸಿದೆ. ಅವರು ಕಿವಿ ಹಿಡಿದುಕೊಂಡು ನಕ್ಕರು. "ತಮಾಷಿ ಮಾಡಿದ್ವಿ ಅಕ್ಕಾ. ಅಕಿ ನಮ್ಮ ತಂಗಿ ಇದ್ದಂಗ" ಎಂದರು. ಹುಡುಗಿ ನನ್ನ ಕೈ ಹಿಡಿದು, ಬಿಡಿ ಆಂಟಿ ಎಂದು ಹಿಂದಿಯಲ್ಲಿ ಹೇಳಿದಳು. ಆಮೇಲೆ ಅವಳು ಬೇರೆ ದಾರಿಯಿಂದ ಕಾಲೇಜಿಗೆ ಹೋಗತೊಡಗಿದಳು. ನಾನು ಜಗಳವಾಡಿ ಅವಳಿಗೆ ದಕ್ಕಿಸಿಕೊಟ್ಟದ್ದು ಸುತ್ತುದಾರಿ.

ನನಗೀಗ ನಂಬಿಕೆ ಉಳಿದಿಲ್ಲ. ಕೆಟ್ಟವರು ಮಾತ್ರ ಇದ್ದಿದ್ದರೆ ಎದುರಿಗೆ ನಿಲ್ಲಬಹುದಿತ್ತು. ಒಳ್ಳೆಯವರ ಎದುರು ಎಲ್ಲಿ ನಿಲ್ಲುವುದು?

ಮೊನ್ನೆ ಚಳಿ ಶುರುವಾದಾಗ ಭಾಲ್ಕಿಯ ಸಂತೆಗೆ ಹೋಗಿದ್ದೆ. ಅಣ್ಣ ಕಂಬಳಿ ಹಾಸಿ ಕೂತಿದ್ದ. ಪಕ್ಕದ ಜಾಗದಲ್ಲಿ ಬೇರೆಯವರು ಕೂರದಂತೆ ಎರಡು ಕಲ್ಲು ಇಟ್ಟು ಹಗ್ಗ ಕಟ್ಟಿದ್ದಾನೆ. ಪ್ರತಿ ವರ್ಷ ಹೀಗೇ ಮಾಡುತ್ತಾನೆ, ಆ ಜಾಗದ ಸಂತೆ ಪಟ್ಟಿಯ ದುಡ್ಡನ್ನೂ ತಾನೇ ಕಟ್ಟುತ್ತಾನೆ. ನಾನು ಕೂತೆ. ಚಹಾ ತರಿಸಿದ.

"ಈ ವರ್ಷನೂ ಬರಲಿಲ್ಲ ನೋಡು" ಎಂದ. "ತವರಮನಿ ಅಂದ ಮ್ಯಾಲ ಒಂದ ಸಲಾರ ಬಂದು ಹೋಗಬೇಕಲ್ಲ? ಫೋನರ ಮಾಡಬೇಕಲ್ಲ?"

ಅವನ ದನಿಯಲ್ಲಿ ದುಃಖವಿದೆ ಅಂದುಕೊಂಡು ತಿರುಗಿ ನೋಡಿದೆ. ದುಃಖವಿರಲಿಲ್ಲ. ಅಣ್ಣನಿಗೆ ಅವಳ ಮೇಲೆ ಸಿಟ್ಟು ಬಂದಿದೆ.